ಬೀಗ ಹಾಕಿ ಕೀಲಿಕೈ ಬಾಗಿಲಲ್ಲೇ ಬಿಟ್ಟಿದ್ದೆ

2016ರ ಮಾತು. ಎಂಸಿಎ ಮುಗಿಸಿ ಪುಣೆಗೆ ಬಂದು ಐದಾರು ವರ್ಷವಾಗಿತ್ತು. ನಮ್ಮ ಕಚೇರಿಗೆ 120 ಹೊಸ ಕಂಪ್ಯೂಟರ್‌ಗಳು ಬಂದಿದ್ದವು. ಒಂದೊಂದರ ಮುಂದೆಯೂ ಕೂತು ವಿಂಡೋಸ್ ಹಾಕುತ್ತಾ ಹೋದರೆ ಎರಡು ವಾರ ಬೇಕು. ಅದಕ್ಕೇ ನಮ್ಮಂಥವರು ಒಂದು ಉಪಾಯ ಮಾಡುತ್ತೇವೆ. ಭಾಷೆ ಯಾವುದು, ಡಿಸ್ಕ್ ಹೇಗೆ ಹಂಚಬೇಕು, ಅಡ್ಮಿನ್ ಪಾಸ್‌ವರ್ಡ್ ಏನು ಎಂದು ಇನ್‌ಸ್ಟಾಲ್ ಆಗುವಾಗ ಕೇಳುವ ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ ಬರೆದು ಒಂದು ಫೈಲಿನಲ್ಲಿ ಇಟ್ಟುಬಿಡುತ್ತೇವೆ. ಸರ್ವರಿನಿಂದ ಅದನ್ನು ಓದಿಕೊಂಡು ಕಂಪ್ಯೂಟರ್‌ಗಳು ತಾವಾಗಿಯೇ ಸಿದ್ಧವಾಗುತ್ತವೆ. ಎರಡೇ ದಿನದಲ್ಲಿ ಕೆಲಸ ಮುಗಿಯಿತು. ಎಲ್ಲರೂ ಹೊಗಳಿದರು, ನಾನೂ ಬೀಗಿದೆ.

ಮುಂದಿನ ವಾರ ಟ್ರೇನಿಯಾಗಿದ್ದ ಅಕ್ಕಲಕೋಟೆಯ ಹುಡುಗ ನನ್ನ ಮೇಜಿನ ಹತ್ತಿರ ಬಂದು ನಿಂತ. "ಸರ್, ಸಿಟ್ಟಾಗಬ್ಯಾಡ್ರಿ. ನಮ್ಮ ಅಡ್ಮಿನ್ ಪಾಸ್‌ವರ್ಡ್ ಇದೇ ಹೌದಲ್ರಿ?" ಎಂದು ಚೀಟಿ ಮುಂದಿಟ್ಟ. ಅಕ್ಷರ ಅಕ್ಷರವೂ ಸರಿಯಾಗಿತ್ತು!

ಆ ಫೈಲಿನಲ್ಲಿ ಪಾಸ್‌ವರ್ಡ್ ಅರ್ಥವಾಗದ ಅಕ್ಷರಗಳ ಸಾಲಿನಂತೆ ಕಾಣುತ್ತದೆ. ಅದು ಗೂಢಲಿಪಿ ಎಂದೇ ನಾನು ನಂಬಿದ್ದೆ. ಅಲ್ಲ. ಅದು ಬರೀ ಬೇಸ್64, ಅಂದರೆ ಬರೆಯುವ ರೀತಿ ಬದಲಾಗಿದೆ ಅಷ್ಟೇ. ಬಿಡಿಸಲು ಯಾವ ಕೀಲಿಯೂ ಬೇಡ. ಬಿಡಿಸಿದರೆ ಪಾಸ್‌ವರ್ಡ್, ಅದರ ಬಾಲಕ್ಕೆ 'ಅಡ್ಮಿನಿಸ್ಟ್ರೇಟರ್‌ಪಾಸ್‌ವರ್ಡ್' ಎಂಬ ಪದ. ಸಾಲದ್ದಕ್ಕೆ ಆ ಫೋಲ್ಡರನ್ನು ಕಚೇರಿಯ ಯಾರು ಬೇಕಾದರೂ ಓದುವಂತೆ ನಾನೇ ತೆರೆದಿಟ್ಟಿದ್ದೆ. 120 ಕಂಪ್ಯೂಟರ್‌ಗೂ ಅದೊಂದೇ ಪಾಸ್‌ವರ್ಡ್. ಸಂಬಳದ ಲೆಕ್ಕವಿದ್ದ ಕಂಪ್ಯೂಟರ್‌ಗೂ ಅದೇ.

ಮ್ಯಾನೇಜರಿಗೆ ವಿಷಯ ತಿಳಿಸಿದಾಗ ಅವರ ಮೊದಲ ಮಾತು, "ಆ ಹುಡುಗನನ್ನು ಇವತ್ತೇ ಮನೆಗೆ ಕಳಿಸಿ." ಒಂದು ಕ್ಷಣ ಸುಮ್ಮನಿದ್ದುಬಿಡೋಣ ಎನಿಸಿದ್ದು ನಿಜ. ನನ್ನ ಪ್ರಮೋಷನ್ ಹತ್ತಿರದಲ್ಲಿತ್ತು. ಆದರೂ ಹೇಳಿದೆ: "ಅವನು ಕದ್ದಿಲ್ಲ ಸರ್, ಬಂದು ತೋರಿಸಿದ್ದಾನೆ. ತಪ್ಪು ನನ್ನದು." ಆ ವರ್ಷ ಪ್ರಮೋಷನ್ ಬರಲಿಲ್ಲ. ಹುಡುಗನ ಕೆಲಸ ಉಳಿಯಿತು.

ಇಂಥ ತಪ್ಪು ದೊಡ್ಡವರೂ ಮಾಡಿದ್ದಾರೆ. ವಿಂಡೋಸ್‌ನ ಗ್ರೂಪ್ ಪಾಲಿಸಿಯಲ್ಲಿ ಪಾಸ್‌ವರ್ಡ್ ಇಡುವ ಸೌಲಭ್ಯವೊಂದಿತ್ತು. ಅಲ್ಲಿ ಗೂಢಲಿಪಿ ನಿಜವಾದದ್ದೇ, ಆದರೆ ಅದರ ಕೀಲಿಯನ್ನು ಮೈಕ್ರೋಸಾಫ್ಟ್ ತನ್ನ ಕೈಪಿಡಿಯಲ್ಲೇ ಪ್ರಕಟಿಸಿತ್ತು. 2014ರ ಮೇ ತಿಂಗಳಲ್ಲಿ ಆ ಸೌಲಭ್ಯವನ್ನು ಮುಚ್ಚಿದರು. ಅದಾಗಲೇ ಬರೆದಿಟ್ಟಿದ್ದ ಪಾಸ್‌ವರ್ಡ್‌ಗಳನ್ನು ಮಾತ್ರ ಆಯಾ ಕಚೇರಿಯವರೇ ಹುಡುಕಿ ಅಳಿಸಬೇಕಿತ್ತು.

ಅಂದಿನಿಂದ ನಾನು ಪಾಲಿಸುವ ಕ್ರಮ ಇಷ್ಟು. ಉತ್ತರದ ಫೈಲಿನಲ್ಲಿ ಇಡುವುದು ತಾತ್ಕಾಲಿಕ ಪಾಸ್‌ವರ್ಡ್ ಮಾತ್ರ. ಇನ್‌ಸ್ಟಾಲ್ ಮುಗಿದ ಕೂಡಲೇ ಅದು ಬದಲಾಗಬೇಕು. ಇದಕ್ಕೆ ಮೈಕ್ರೋಸಾಫ್ಟಿನ ಲ್ಯಾಪ್ಸ್ ಇದೆ. 2015ರಲ್ಲಿ ಉಚಿತವಾಗಿ ಬಂತು, 2023ರಿಂದ ವಿಂಡೋಸ್ ಒಳಗೇ ಸೇರಿದೆ. ಪ್ರತಿ ಕಂಪ್ಯೂಟರ್‌ಗೂ ಬೇರೆ ಬೇರೆ ಪಾಸ್‌ವರ್ಡ್ ಹಾಕಿ, ನಾವು ಬೇರೆ ಅವಧಿ ಹೇಳದಿದ್ದರೆ 30 ದಿನಕ್ಕೊಮ್ಮೆ ತಾನೇ ಬದಲಾಯಿಸುತ್ತದೆ. ಫೈಲಿರುವ ಫೋಲ್ಡರನ್ನು ಇನ್‌ಸ್ಟಾಲ್ ಮಾಡುವ ಖಾತೆ ಬಿಟ್ಟು ಬೇರಾರೂ ಓದುವಂತಿರಬಾರದು. ಕಂಪ್ಯೂಟರಿನಲ್ಲಿ ಉಳಿದ ಪ್ರತಿಗಳನ್ನೂ ಅಳಿಸಬೇಕು. ವಿಂಡೋಸ್‌ನ ಪ್ಯಾಂಥರ್ ಫೋಲ್ಡರನ್ನು ಕಳ್ಳರು ಮೊದಲೇ ತಡಕುತ್ತಾರೆ.

ಲಿನಕ್ಸ್‌ನವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಕಿಕ್‌ಸ್ಟಾರ್ಟ್ ಫೈಲಿನಲ್ಲಿ ಪಾಸ್‌ವರ್ಡ್ ಬದಲು ಅದರ ಹ್ಯಾಶ್ ಇಡಬಹುದು. ಆದರೆ ಪಾಸ್‌ವರ್ಡ್ ಸುಲಭದ್ದಾಗಿದ್ದರೆ ಹ್ಯಾಶ್ ಸಿಕ್ಕವರು ಊಹಿಸುತ್ತಾ ಹೋಗಿ ಹಿಡಿದುಬಿಡುತ್ತಾರೆ. ರೂಟ್ ಖಾತೆಗೇ ಬೀಗ ಹಾಕಿ, ಎಸ್‌ಎಸ್‌ಎಚ್ ಕೀಲಿಯಿಂದ ಒಳಹೋಗುವುದು ಮೇಲು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಮ್ಮಲ್ಲಿ ಕೊಳ್ಳೆ ಹೋಗುವ ಮೊದಲೇ ಒಬ್ಬ ಹುಡುಗ ಬಂದು ಬಾಗಿಲು ತೆರೆದಿದೆ ಎಂದು ಹೇಳಿದ. ನಿಮ್ಮ ಕಚೇರಿಯಲ್ಲೂ ಯಾರಾದರೂ ಹೀಗೆ ಚೀಟಿ ಹಿಡಿದು ಬಂದರೆ, ಮೊದಲು ಕೂರಿಸಿ ಒಂದು ಕಪ್ ಚಹಾ ಕೊಡಿ.