ಹೊಗೆಯಿಲ್ಲದ ಆವಿಗೆ

ಕುಂಬಾರನ ಆವಿಗೆ ತನ್ನ ಒಳಗಿನ ಸಮಾಚಾರವನ್ನು ತಾನೇ ಹೊರಗೆ ಸಾರುವಂಥದು. ಹುಲ್ಲು, ಸೌದೆ, ಬೆರಣಿಗಳನ್ನು ಒಟ್ಟಿ, ಮೇಲೆ ಮಣ್ಣು ಮೆತ್ತಿ ಬೆಂಕಿಯಿಟ್ಟ ಬಳಿಕ, ಮೊದಲು ಏಳುವ ಬಿಳಿಯ ಹಬೆ, ಆಮೇಲಣ ಕರಿಯ ಹೊಗೆ, ಕಡೆಗೆ ಹೊಗೆ ತೆಳುವಾಗಿ ಬಿರುಕುಗಳಲ್ಲಿ ತೋರುವ ಕೆಂಪು, ಇವನ್ನು ನೋಡಿಯೇ ಒಳಗಣ ಮಡಕೆ ಯಾವ ಹದಕ್ಕೆ ಬಂದಿದೆಯೆಂಬುದನ್ನು ಅವನು ಬಲ್ಲನು. ಮಕ್ಕಳು ಹತ್ತಿರ ಸುಳಿಯದಂತೆ ತಡೆಯುವುದಕ್ಕೆ ಬೆಂಕಿಯ ಝಳವೊಂದೇ ಸಾಕು. ಈಚೆಗೆ ನಗರದ ಮನೆಗಳಿಗೂ ಶಾಲೆಗಳಿಗೂ ಕಲಾವಿದರ ಕೋಣೆಗಳಿಗೂ ಬಂದು ಸೇರುತ್ತಿರುವ ಚಿಕ್ಕ ವಿದ್ಯುತ್ ಆವಿಗೆಯಾದರೋ ಇಂಥ ಯಾವ ಲಕ್ಷಣವನ್ನೂ ತೋರದೆ, ಮೂಲೆಯಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕಿಂತಲೂ ನಿಶ್ಶಬ್ದವಾಗಿ ನಿಂತು, ತನ್ನೊಡಲಲ್ಲಿ 1,200 ಡಿಗ್ರಿ ಸೆಂಟಿಗ್ರೇಡಿನ ಉಷ್ಣತೆಯನ್ನು ಧರಿಸಿಕೊಂಡಿರುತ್ತದೆ. ಅದರ ಸೌಕರ್ಯವೂ ಅದರ ಅಪಾಯವೂ ಈ ಮೌನದಿಂದಲೇ ಹುಟ್ಟಿದವು. ಬೆಂಕಿ ತಾನಾಗಿ ಕೊಡುತ್ತಿದ್ದ ಎಚ್ಚರಿಕೆಯನ್ನು ಇಲ್ಲಿ ಮನುಷ್ಯನು ತನ್ನ ತಿಳಿವಳಿಕೆಯಿಂದ ತುಂಬಿಕೊಡಬೇಕಾಗುತ್ತದೆ.

ಯಂತ್ರದ ರಚನೆ ಸರಳವಾದುದೇ. ಹಗುರವೂ ರಂಧ್ರಮಯವೂ ಆದ ಬೆಂಕಿ-ಇಟ್ಟಿಗೆಗಳಿಂದ ಕಟ್ಟಿದ ಒಂದು ಗೂಡು, ಅದರ ಗೋಡೆಯಲ್ಲಿ ಕೊರೆದ ಕಾಲುವೆಗಳಲ್ಲಿ ಕೂರಿಸಿದ ತಂತಿಯ ಸುರುಳಿ, ಮೇಲೊಂದು ಮುಚ್ಚಳ ಇಲ್ಲವೆ ಮುಂದೊಂದು ಬಾಗಿಲು, ಹೊರಗೆ ಉಕ್ಕಿನ ತಗಡಿನ ಕವಚ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಗುಣವಾಗಿರುತ್ತದೆಂಬ ನಿಯಮವನ್ನು ಭೌತವಿಜ್ಞಾನಿ ಜೂಲನು 1841ರಲ್ಲಿಯೇ ಪ್ರಕಟಿಸಿದ್ದನು. ಆದರೆ ನಿಯಮ ತಿಳಿದ ಮಾತ್ರಕ್ಕೆ ಆವಿಗೆ ಹುಟ್ಟಲಿಲ್ಲ. ಗಾಳಿಯ ನಡುವೆ ಗಂಟೆಗಟ್ಟಲೆ ಕೆಂಪಗೆ ಕಾದಿದ್ದರೂ ಸುಟ್ಟುಹೋಗದ ತಂತಿ ಬೇಕಾಗಿತ್ತು. ಕಬ್ಬಿಣವಾದರೆ ಹೊಪ್ಪಳಿಕೆಯೆದ್ದು ಉದುರುತ್ತಿತ್ತು, ಪ್ಲಾಟಿನಂ ಆದರೆ ಪ್ರಯೋಗಶಾಲೆಗಳಿಗೆ ಮಾತ್ರ ಎಟುಕುತ್ತಿತ್ತು. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ಎಂಬಾತನು ನಿಕಲ್ ಮತ್ತು ಕ್ರೋಮಿಯಂಗಳ ಮಿಶ್ರಲೋಹಕ್ಕೆ ಪೇಟೆಂಟು ಪಡೆದ ಮೇಲೆ ದಾರಿ ತೆರೆಯಿತು. ಅದಾದ ಎರಡು ದಶಕಗಳ ಬಳಿಕ ಸ್ವೀಡನ್ನಿನ ಹಾನ್ಸ್ ಫಾನ್ ಕಾಂಟ್ಸೋ ಎಂಬಾತನು ಕಬ್ಬಿಣಕ್ಕೆ ನೂರಕ್ಕೆ 22ರ ಸುಮಾರು ಕ್ರೋಮಿಯಮ್ಮನ್ನೂ 5-6ರಷ್ಟು ಅಲ್ಯುಮಿನಿಯಮ್ಮನ್ನೂ ಬೆರಸಿ ರೂಪಿಸಿದ, ಕಾಂತಾಲ್ ಎಂದು ಪ್ರಸಿದ್ಧವಾದ ಲೋಹ ಇನ್ನೂ ಹೆಚ್ಚಿನ ತಾಪವನ್ನು ತಡೆಯುವಂಥದಾಯಿತು. ಇಂದು ಕರಕುಶಲಿಗಳ ಆವಿಗೆಗಳಲ್ಲಿ ಬಹುಮಟ್ಟಿಗೆ ಇರುವುದು ಈ ಜಾತಿಯ ತಂತಿಯೇ.

ಈ ತಂತಿಯ ರಹಸ್ಯವನ್ನು ತಿಳಿದವನಿಗೆ ಆವಿಗೆಯ ಪಾಲನೆಯ ಅರ್ಧ ಪಾಠ ತಿಳಿದಂತೆಯೇ. ತಂತಿ ಮೊದಲ ಬಾರಿ ಬಿಳಿಗೆಂಪಾಗಿ ಕಾದಾಗ ಅದರೊಳಗಣ ಅಲ್ಯುಮಿನಿಯಂ ಮೇಲ್ಮೈಗೆ ಬಂದು, ಗಾಳಿಯ ಆಮ್ಲಜನಕದೊಡನೆ ಕೂಡಿ, 2,000 ಡಿಗ್ರಿಗೂ ಕರಗದಂಥ ಅಲ್ಯುಮಿನದ ತೆಳುಪೊರೆಯೊಂದನ್ನು ಹೊದಿಸುತ್ತದೆ. ಗಾಯದ ಮೇಲೆ ಕಟ್ಟುವ ಹಕ್ಕಳೆಯಂತೆ ಇದು ಒಳಗಿನ ಲೋಹವನ್ನು ಕಾಯುತ್ತದೆ. ಎಲ್ಲಿಯಾದರೂ ಬಿರಿದರೆ, ಒಳಗೆ ಅಲ್ಯುಮಿನಿಯಂ ಉಳಿದಿರುವವರೆಗೆ, ಮುಂದಿನ ಕಾವಿನಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಹೊಸ ಆವಿಗೆಯನ್ನು ತಂದೊಡನೆಯೇ ಪಾತ್ರೆಗಳನ್ನು ತುಂಬಿಬಿಡದೆ, ಒಮ್ಮೆ ಬರಿದಾಗಿ, ಕಿಂಡಿಗಳನ್ನು ತೆರೆದಿಟ್ಟು 1,000 ಡಿಗ್ರಿಯನ್ನು ಮೀರಿ ಕಾಯಿಸಬೇಕೆಂದು ತಯಾರಕರು ಹೇಳುವುದು ಈ ಪೊರೆಗಾಗಿಯೇ. ಹಾಗೆಯೇ, ಸೌದೆಯ ಆವಿಗೆಯಲ್ಲಿ ಕಂಡ ಕರಿಯ ಬಣ್ಣದ ಆಸೆಗೆ ಬಿದ್ದು ಇದರೊಳಗೆ ಹೊಟ್ಟನ್ನೋ ಕಾಗದವನ್ನೋ ಹಾಕಿ ಹೊಗೆಯೆಬ್ಬಿಸುವವರು, ಆಮ್ಲಜನಕವನ್ನೆಲ್ಲ ಹೊಗೆಗೆ ಕೊಟ್ಟು ತಂತಿಯ ಪೊರೆಯನ್ನು ದುರ್ಬಲಗೊಳಿಸುತ್ತಿದ್ದೇವೆಂಬುದನ್ನು ಅರಿಯರು. ಪೊರೆಗೆ ಇನ್ನೂ ಕ್ರೂರವಾದ ಶತ್ರುವೆಂದರೆ ಪಾತ್ರೆಯ ಮೆರುಗು. ಗ್ಲೇಜ್ ಎಂದು ಎಲ್ಲರೂ ಕರೆಯುವ ಆ ಲೇಪ ಕರಗಿದ ಗಾಜೇ ಆಗಿರುವುದರಿಂದ, ಅದರ ಒಂದು ತೊಟ್ಟು ಸುರುಳಿಯ ಮೇಲೆ ಬಿದ್ದರೆ ಅಲ್ಯುಮಿನವನ್ನು ತನ್ನಲ್ಲಿ ಕರಗಿಸಿಕೊಂಡು ಆ ಜಾಗದಲ್ಲಿ ತಂತಿಯನ್ನು ತಿಂದುಹಾಕುತ್ತದೆ. ಪಾತ್ರೆಯ ಅಡಿಗೆ ಮೆರುಗನ್ನು ಬಳಿಯದೆ ಒರಸಿಬಿಡುವುದು, ಒಳಗಿಡುವ ಹಲಗೆಗಳ ಮೇಲ್ಮುಖಕ್ಕೆ ಕೇಓಲಿನ್ ಜೇಡಿಯನ್ನೂ ಅಲ್ಯುಮಿನದ ಹೈಡ್ರೇಟನ್ನೂ ನೀರಿನಲ್ಲಿ ಕದಡಿ ಬಳಿಯುವುದು, ಗೋಡೆಗೆ ಸಿಡಿದು ಅಂಟಿದ ಮೆರುಗನ್ನು ಮುಂದಿನ ಸುಡುವಿಕೆಗೆ ಮೊದಲೇ ಕೆತ್ತಿ ತೆಗೆಯುವುದು, ಇವೆಲ್ಲ ಅದಕ್ಕಾಗಿ ಹುಟ್ಟಿದ ಕ್ರಮಗಳು. ಕಾಯ್ದು ಆರಿದ ಸುರುಳಿ ತಣ್ಣಗಿರುವಾಗ ಬಹಳ ಪೆಡಸಾಗಿರುವುದರಿಂದ, ಕಾಲುವೆಯಿಂದ ಜಾರಿದ ಭಾಗವನ್ನು ಬೆರಳಿನಿಂದ ಒತ್ತಿ ಕೂರಿಸಹೋದರೆ ಮುರಿಯುವುದು ಖಂಡಿತ.

ಆವಿಗೆಯೊಳಗಣ ಬೆಂಕಿಗಿಂತ ಅದರ ಹೊರಗಣ ತಂತಿಯಿಂದಲೇ ಮನೆಗಳಿಗೆ ಅಪಾಯ ಹೆಚ್ಚೆಂದು ನನ್ನ ಅಭಿಪ್ರಾಯ. 3 ಕಿಲೋವ್ಯಾಟಿನ ಒಂದು ಚಿಕ್ಕ ಆವಿಗೆ ನಮ್ಮ 230 ವೋಲ್ಟಿನ ಸರಬರಾಜಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ನೀರು ಕಾಯಿಸುವ ಗೀಸರು ಅಷ್ಟನ್ನೇ ಎಳೆದರೂ ಹತ್ತು ಹದಿನೈದು ನಿಮಿಷಗಳಲ್ಲಿ ಸುಮ್ಮನಾಗುತ್ತದೆ. ಆವಿಗೆ ಎಂಟು ಹತ್ತು ಗಂಟೆಗಳ ಕಾಲ ಎಳೆಯುತ್ತಲೇ ಇರುತ್ತದೆ. ಹಳೆಯ ಸಾಕೆಟ್ಟಿನಲ್ಲಿ ಪ್ಲಗ್ಗಿನ ಕಡ್ಡಿ ಸಡಿಲವಾಗಿ ಕೂತಿದ್ದು, ಆ ಸ್ಪರ್ಶದಲ್ಲಿ ಒಂದು ಓಮಿನ ಹತ್ತನೆಯ ಒಂದು ಪಾಲಿನಷ್ಟು ರೋಧವಿದ್ದರೂ, ಜೂಲನ ಲೆಕ್ಕದಂತೆ ಅಲ್ಲಿ ಸುಮಾರು 17 ವ್ಯಾಟಿನ ಶಾಖ, ಬೆರಳ ತುದಿಯಷ್ಟು ಜಾಗದಲ್ಲಿ, ಇಡೀ ದಿನ ಹುಟ್ಟುತ್ತಿರುತ್ತದೆ. ಪ್ಲಾಸ್ಟಿಕ್ಕು ಕಂದಾಗಿ ಕರಗುವುದಕ್ಕೆ ಇನ್ನೇನು ಬೇಕು? ಆದುದರಿಂದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಆವಿಗೆಯನ್ನು ಎಂದಿಗೂ ಜೋಡಿಸತಕ್ಕದ್ದಲ್ಲ. ಮೀಟರ್ ಹಲಗೆಯಿಂದ ನೇರವಾಗಿ ಎಳೆದ, 4 ಚದರ ಮಿಲಿಮೀಟರಿನ ತಾಮ್ರದ ತಂತಿಯುಳ್ಳ ಪ್ರತ್ಯೇಕ ದಾರಿ, ಅದಕ್ಕೆ ತಕ್ಕ ಎಂ.ಸಿ.ಬಿ., 30 ಮಿಲಿಆಂಪಿಯರ್ ಸೋರಿದೊಡನೆಯೇ ಕಡಿಯುವ ಆರ್.ಸಿ.ಸಿ.ಬಿ., ನಿಜವಾಗಿ ನೆಲಕ್ಕೆ ಸೇರಿರುವ ಅರ್ಥಿಂಗ್, ಇಷ್ಟನ್ನು ಲೈಸೆನ್ಸು ಪಡೆದ ಎಲೆಕ್ಟ್ರಿಷಿಯನ್ನನಿಂದ ಮಾಡಿಸಿದ ಮೇಲೆಯೇ ಉಳಿದ ಮಾತು. ‘ನಿಜವಾಗಿ’ ಎಂದೆನೇಕೆಂದರೆ, ಮೂರನೆಯ ರಂಧ್ರದ ಹಿಂದೆ ಯಾವ ತಂತಿಯೂ ಇಲ್ಲದ ಸಾಕೆಟ್ಟುಗಳು ನಮ್ಮ ಹಳೆಯ ಮನೆಗಳಲ್ಲಿ ಅಪರೂಪವಲ್ಲ. ಬೆಂಕಿ-ಇಟ್ಟಿಗೆ ತಣ್ಣಗಿರುವಾಗ ವಿದ್ಯುತ್ತನ್ನು ತಡೆಯುತ್ತದಾದರೂ ಕೆಂಪಗೆ ಕಾದಾಗ ಆ ಗುಣವನ್ನು ಬಹಳ ಮಟ್ಟಿಗೆ ಕಳೆದುಕೊಳ್ಳುತ್ತದೆ. ಒಳಗಿನ ಸುರುಳಿ ಬರಿದಾದ ತಂತಿಯೆಂಬುದೂ ನೆನಪಿರಬೇಕು. ಆದಕಾರಣ ಬಾಗಿಲು ತೆರೆದು ಚಿಮಟ ಹಾಕುವುದಕ್ಕೆ ಮುಂಚೆ ವಿದ್ಯುತ್ತನ್ನು ಕಡಿಯಲೇಬೇಕು.

ಸ್ಥಳದ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ: ಗೋಡೆಯಿಂದ ಮೊಳದಷ್ಟು, ಎಂದರೆ 45 ಸೆಂಟಿಮೀಟರು ದೂರ, ಕೆಳಗೆ ಕಬ್ಬಿಣದ ಸ್ಟ್ಯಾಂಡು ಮತ್ತು ಸಿಮೆಂಟು ನೆಲ, ಹತ್ತಿರದಲ್ಲಿ ಪರದೆಯಾಗಲಿ ಗ್ಯಾಸ್ ಸಿಲಿಂಡರಾಗಲಿ ಇರಕೂಡದು, ಮಲಗುವ ಕೋಣೆ ಅದಾಗಕೂಡದು.

ಇನ್ನು ಒಳಗೆ ಕೂತಿರುವ ಮಣ್ಣಿನ ಕಡೆಗೆ ನೋಡೋಣ. ವಾರಗಟ್ಟಲೆ ನೆರಳಲ್ಲಿ ಒಣಗಿದ ಪಾತ್ರೆಯಲ್ಲಿಯೂ ಕೈಗೆ ತಿಳಿಯದಷ್ಟು ನೀರು ಉಳಿದಿರುತ್ತದೆ. ಅದು 100 ಡಿಗ್ರಿಯನ್ನು ದಾಟಿ ಆವಿಯಾದರೆ 1,600 ಪಟ್ಟಿಗೂ ಮೀರಿ ಹಿಗ್ಗುವುದರಿಂದ, ದಪ್ಪ ಗೋಡೆಯ ಗೊಂಬೆಗಳು ಸಿಡಿದು ಚೂರಾಗುತ್ತವೆ, ಚೂರುಗಳು ಸುರುಳಿಯ ಕಾಲುವೆಗಳಲ್ಲಿ ಸೇರುತ್ತವೆ. ಕುದಿಯುವ ಮಟ್ಟಕ್ಕೆ ಸ್ವಲ್ಪ ಕೆಳಗೆ, ಮುಚ್ಚಳವನ್ನು ಒಂದು ಬೆರಳು ಎತ್ತಿಟ್ಟು, ಕೆಲವು ಗಂಟೆಗಳ ಕಾಲ ನಿಲ್ಲಿಸುವುದೇ ಇದಕ್ಕೆ ಪರಿಹಾರ. ಆದರೆ ಮಣ್ಣಿನ ನೀರು ಇಷ್ಟಕ್ಕೇ ಮುಗಿಯಲಿಲ್ಲ. ಶುದ್ಧವಾದ ಕೇಓಲಿನ್ನಿನ ತೂಕದಲ್ಲಿ ನೂರಕ್ಕೆ ಸುಮಾರು 14 ಭಾಗ ರಾಸಾಯನಿಕವಾಗಿ ಬಂಧಿತವಾದ ನೀರೇ. 450ರಿಂದ 600 ಡಿಗ್ರಿಗಳ ನಡುವೆ ಅದು ಕಳಚಿಕೊಂಡು ಹೊರಬಿದ್ದಾಗಲೇ ಜೇಡಿ ತನ್ನ ಜೇಡಿತನವನ್ನು ನೀಗಿಕೊಂಡು, ನೀರಿನಲ್ಲಿ ನೆನೆದರೂ ಮರಳಿ ಕೆಸರಾಗದ ಬೇರೊಂದು ವಸ್ತುವಾಗುತ್ತದೆ. ಸರಿಯಾಗಿ ಇದೇ ಹಾದಿಯಲ್ಲಿ, 573 ಡಿಗ್ರಿಯಲ್ಲಿ, ಮಣ್ಣಿನೊಳಗಣ ಮರಳಿನ ಕಣಗಳು, ಎಂದರೆ ಸ್ಫಟಿಕ ರೂಪದ ಕ್ವಾರ್ಟ್ಸ್, ತಮ್ಮ ಅಣುವಿನ್ಯಾಸವನ್ನು ಬದಲಿಸಿ ಥಟ್ಟನೆ ಹಿಗ್ಗುತ್ತವೆ. ಆರುವಾಗ ಅದೇ ಬಿಂದುವಿನಲ್ಲಿ ಅಷ್ಟೇ ಥಟ್ಟನೆ ಕುಗ್ಗುತ್ತವೆ. ಕುತೂಹಲವನ್ನು ತಡೆಯಲಾರದೆ ಬಿಸಿಯಿರುವಾಗಲೇ ಮುಚ್ಚಳ ತೆರೆಯುವವರ ಪಾತ್ರೆಗಳು ಟಣ್ಣೆಂದು ಸೀಳುವುದಕ್ಕೆ, ಒಂದು ಬದಿ ಕುಗ್ಗಿ ಇನ್ನೊಂದು ಬದಿ ಕುಗ್ಗದಿರುವ ಈ ವೈಷಮ್ಯವೂ ಒಂದು ಕಾರಣ. 100 ಡಿಗ್ರಿಗೆ ಇಳಿಯುವ ತನಕ ಕಾಯುವ ತಾಳ್ಮೆಗೆ ಸಮನಾದ ಉಪಕರಣ ಈ ಕಲೆಯಲ್ಲಿ ಬೇರೆ ಇಲ್ಲ.

ಕಣ್ಣಿಗೆ ಕಾಣದ ಕಾವನ್ನು ಅಳೆಯುವುದು ಹೇಗೆಂಬ ಪ್ರಶ್ನೆ ವಿದ್ಯುತ್ ಆವಿಗೆಗಿಂತ ಹಳೆಯದು. ಇಂಗ್ಲೆಂಡಿನ ಕುಂಭಕಾರನೂ ಉದ್ಯಮಿಯೂ ಆದ ಜೋಸಯ ವೆಜ್‌ವುಡ್ 1782ರಲ್ಲಿ ಜೇಡಿಯ ಬಿಲ್ಲೆಗಳು ಎಷ್ಟು ಕುಗ್ಗುತ್ತವೆಂಬುದರಿಂದ ಕಾವನ್ನು ಊಹಿಸುವ ಸಾಧನವನ್ನು ರಾಯಲ್ ಸೊಸೈಟಿಯ ಮುಂದಿಟ್ಟನು. 1886ರಲ್ಲಿ ಬರ್ಲಿನ್ನಿನ ಹರ್ಮನ್ ಸೆಗರ್, ಮೆರುಗಿನಂಥದೇ ಮಿಶ್ರಣಗಳಿಂದ ಮಾಡಿದ, ನಿಗದಿಯಾದ ಹದದಲ್ಲಿ ಬಾಗಿ ತಲೆಯೂರುವ ಶಂಕುಗಳನ್ನು ರೂಢಿಗೆ ತಂದನು. ಈಗಿನ ಯಂತ್ರಗಳಲ್ಲಿರುವುದು ಉಷ್ಣಯುಗ್ಮ: ಎರಡು ಬೇರೆ ಲೋಹಗಳ ಬೆಸುಗೆ ಕಾದಾಗ ವಿದ್ಯುತ್ತು ಹುಟ್ಟುತ್ತದೆಂದು ಭೌತವಿಜ್ಞಾನಿ ಸೀಬೆಕ್ 1821ರಲ್ಲಿ ಕಂಡ ಸಂಗತಿಯೇ ಇದಕ್ಕೆ ಮೂಲ. ಸಾಮಾನ್ಯವಾದ ‘ಕೆ’ ಜಾತಿಯ ಯುಗ್ಮ 1,000 ಡಿಗ್ರಿಯಲ್ಲಿ ಕೊಡುವುದು ಕೇವಲ 41 ಮಿಲಿವೋಲ್ಟು. ಕಾವನ್ನು ಏರಿಳಿಸುವ ನಿಯಂತ್ರಕದ ಅಂಕಿಗಳೆಲ್ಲ ಈ ಕಿರಿದಾದ ಪಿಸುಮಾತಿನ ಮೇಲೆ ನಿಂತವು. ಯುಗ್ಮದ ತುದಿ ಮುಪ್ಪಾಗಿ ಉದುರತೊಡಗಿದರೆ, ಅಥವಾ ಗೋಡೆಯಿಂದ ಸ್ವಲ್ಪ ಹೊರಕ್ಕೆ ಸರಿದರೆ, ಇರುವುದಕ್ಕಿಂತ ಕಡಮೆ ಕಾವನ್ನು ತೋರಿಸಿ, ನಿಯಂತ್ರಕವನ್ನು ನಂಬಿಸಿ ಪಾತ್ರೆಗಳನ್ನು ಅತಿಯಾಗಿ ಸುಡಿಸಬಹುದು. ಶಂಕುವಿಗೆ ಈ ಮೋಸ ಗೊತ್ತಿಲ್ಲ. ಅದು ಕಾವನ್ನೂ ಕಾಲವನ್ನೂ ಒಟ್ಟಿಗೆ, ಮಣ್ಣು ಅನುಭವಿಸುವಂತೆಯೇ ಅನುಭವಿಸುತ್ತದೆ. ಸುಮಾರು 1,000 ಡಿಗ್ರಿಗೆ ಬಾಗುವ 06ನೆಯದನ್ನೋ 1,220ಕ್ಕೆ ಬಾಗುವ 6ನೆಯದನ್ನೋ ಪ್ರತಿಸಲವೂ ಪಾತ್ರೆಗಳ ನಡುವೆ ಇಡುವುದು ವಿವೇಕ. ಸೊನ್ನೆಯೊಂದರಿಂದ 200 ಡಿಗ್ರಿಗೂ ಮಿಗಿಲಾದ ಅಂತರವುಂಟಾಗುವ ಈ ವಿಚಿತ್ರ ಲೆಕ್ಕ, ಪಿಂಗಾಣಿಯ ಕಾವಿನಿಂದ ಎಣಿಕೆ ತೊಡಗಿ ಆಮೇಲೆ ಅದರ ಕೆಳಗಣ ಕಾವುಗಳಿಗೆ ಸಂಖ್ಯೆ ಸಾಲದೆ ಬಂದುದರ ಫಲ. ಡಬ್ಬಿಯ ಮೇಲಿನ ಅಂಕಿಯನ್ನು ಎರಡು ಸಲ ಓದುವುದು ಅಗತ್ಯ.

ನಿಯಂತ್ರಕ ಸರಿಯಾಗಿದ್ದರೂ ಅದರ ಆಜ್ಞೆಯನ್ನು ನಡಸುವ ರಿಲೇ ಕೆಡಬಹುದು. ಪ್ರತಿಯೊಂದು ಸುಡುವಿಕೆಯಲ್ಲಿಯೂ ನೂರಾರು ಸಲ ಕೂಡಿ ಅಗಲುವ ಅದರ ಸಂಪರ್ಕಬಿಂದುಗಳು ಕಿಡಿಯಿಂದ ಸವೆದು, ಒಂದು ದಿನ ಬೆಸೆದುಕೊಂಡೇ ಬಿಡುತ್ತವೆ; ಆಗ ನಿಯಂತ್ರಕ ‘ಸಾಕು’ ಎಂದರೂ ತಂತಿ ಕಾಯುತ್ತಲೇ ಇರುತ್ತದೆ. ಕಿಡಿಯಿಲ್ಲದ ಘನಸ್ಥಿತಿ ರಿಲೇಯೂ ಕೆಟ್ಟಾಗ ಬಹುಮಟ್ಟಿಗೆ ಹೀಗೆಯೇ ತೆರೆದ ದ್ವಾರವಾಗಿ ನಿಲ್ಲುತ್ತದೆ. ರಾತ್ರಿ ಗುಂಡಿ ಒತ್ತಿ ಮಲಗಿ ಬೆಳಗ್ಗೆ ಪಾತ್ರೆ ತೆಗೆಯಬಹುದೆಂಬ ಮಾರಾಟಗಾರರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಆವಿಗೆ ತುದಿಗಾವನ್ನು ಮುಟ್ಟುವ ಹೊತ್ತು ಹಗಲಿನಲ್ಲಿ ಬರುವಂತೆ ಹೊಂದಿಸಿ, ಆ ಹೊತ್ತಿನಲ್ಲಿ ಒಬ್ಬರು ಹತ್ತಿರವಿದ್ದು, ಯಂತ್ರ ತಾನಾಗಿ ನಿಂತುದನ್ನು ಕಂಡು ಹೋಗಬೇಕು.

ಹೊಗೆ ಕಾಣದಿದ್ದರೂ ಆವಿಗೆ ಉಸಿರುಬಿಡದೆ ಇಲ್ಲ. ಮಣ್ಣಿನೊಳಗಣ ಸಸ್ಯಾಂಶ, ಮೆರುಗಿನ ಅಂಟು, ಅಡಿಗೆ ಸವರಿದ ಮೇಣ, ಇವು ಉರಿದು ಇಂಗಾಲದ ಮಾನಾಕ್ಸೈಡನ್ನು ಬಿಡುತ್ತವೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಂಧಕವಿರುವ ಮಣ್ಣುಗಳಿಂದ ಗಂಟಲು ಕೆರೆಯುವ ಸಲ್ಫರ್ ಡೈಆಕ್ಸೈಡು ಬರುತ್ತದೆ. ಕಿಟಕಿ ತೆರೆದು, ಹೊರಕ್ಕೆ ಎಳೆಯುವ ಫ್ಯಾನನ್ನು ಓಡಿಸದೆ ಸುಡತಕ್ಕದ್ದಲ್ಲ. ಇಣುಕುಗಿಂಡಿಯ ವಿಷಯ ಬೇರೆ. ಕಾದ ವಸ್ತುವಿನ ವಿಕಿರಣ ಅದರ ನಿರಪೇಕ್ಷ ತಾಪದ ನಾಲ್ಕನೆಯ ಘಾತದಂತೆ ಏರುವುದರಿಂದ, 1,000 ಡಿಗ್ರಿಯಿಂದ 1,200ಕ್ಕೆ ಹೋದಾಗ ಕಿಂಡಿಯಿಂದ ಚಿಮ್ಮುವ ಶಕ್ತಿ ಸುಮಾರು ಒಂದೂ ಮುಕ್ಕಾಲು ಪಟ್ಟಾಗುತ್ತದೆ. ಗಾಜು ಊದುವ ಕಸಬಿನವರಿಗೆ ಕಣ್ಣಿನ ಪೊರೆ ಬರುತ್ತಿದ್ದುದು ಇಂಥ ಅತಿರಕ್ತ ಕಿರಣಗಳಿಂದಲೇ. ಬಿಸಿಲಿನ ಕನ್ನಡಕ ಇಲ್ಲಿ ಸಾಲದು, ಬೆಸುಗೆಯವರ ಕಡುಗಾಜು ಬೇಕು. ಶುಚಿಮಾಡುವಾಗ ಧೂಳನ್ನು ಊದಿ ಎಬ್ಬಿಸದೆ ವ್ಯಾಕ್ಯೂಮ್ ಯಂತ್ರದಿಂದ, ಒಳ್ಳೆಯ ಮುಖಗವಸು ತೊಟ್ಟು ತೆಗೆಯಬೇಕು. ಕೋಲಾರದ ಚಿನ್ನದ ಗಣಿಗಳ ಕೆಲಸಗಾರರನ್ನು ಕಾಡಿದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ಕಾರಣವಾದ ಸಿಲಿಕದ ಧೂಳೇ ಜೇಡಿಮಣ್ಣಿನಲ್ಲಿಯೂ ಇರುವುದು.

ತಂತಿಗೆ ವಯಸ್ಸಾಗುವುದನ್ನು ಅಳೆದು ನೋಡಬಹುದು. 230 ವೋಲ್ಟಿನಲ್ಲಿ 3 ಕಿಲೋವ್ಯಾಟು ಕೊಡುವ ಹೊಸ ಸುರುಳಿಗಳ ಒಟ್ಟು ರೋಧ 17.6 ಓಮು. ಆವಿಗೆ ಬಂದ ದಿನ ಪ್ಲಗ್ಗನ್ನು ಕಿತ್ತು ಮಲ್ಟಿಮೀಟರಿನಿಂದ ಅಳೆದು ಬರೆದಿಟ್ಟಿದ್ದರೆ, ಮುಂದೆ ಅದು 19ನ್ನು ದಾಟಿ ನೂರಕ್ಕೆ 10ರಷ್ಟು ಏರಿದಾಗ ಸುರುಳಿಗಳನ್ನು ಬದಲಿಸುವ ಕಾಲ ಬಂದಿತೆಂದು ತಿಳಿಯಬಹುದು. ಆದರೆ ಸುಡುವಿಕೆ ನಿಧಾನವಾದ ಮಾತ್ರಕ್ಕೆ ತಂತಿಯನ್ನೇ ದೂರಬೇಕಾಗಿಲ್ಲ. ಶಕ್ತಿ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ, ಸಂಜೆಯ ಹೊತ್ತು ಸರಬರಾಜು 200ಕ್ಕೆ ಕುಸಿಯುವ ಹಳ್ಳಿಗಳಲ್ಲಿ ಆವಿಗೆ ತನ್ನ ಬಲದ ಕಾಲುಭಾಗವನ್ನು ಕಳೆದುಕೊಂಡು, ಕೊನೆಯ ಐವತ್ತು ಡಿಗ್ರಿಗಳನ್ನು ಏರಲಾರದೆ ತಿಣುಕುತ್ತದೆ.

ಕರಾವಳಿ ಮಲೆನಾಡುಗಳಲ್ಲಿ ಇನ್ನೊಂದು ವಿಶೇಷವುಂಟು. ಆಷಾಢ ಶ್ರಾವಣಗಳಲ್ಲಿ ಸುಮ್ಮನಿದ್ದ ಆವಿಗೆಯ ರಂಧ್ರಮಯವಾದ ಇಟ್ಟಿಗೆ ಗಾಳಿಯ ತೇವವನ್ನೆಲ್ಲ ಹೀರಿಕೊಂಡಿರುವುದರಿಂದ, ಮಳೆ ಹಿಂದೆಗೆದ ಮೇಲಣ ಮೊದಲ ಸುಡುವಿಕೆಯಲ್ಲಿ ವಿದ್ಯುತ್ತು ಅದರ ಮೂಲಕ ಸೋರಿ ಆರ್.ಸಿ.ಸಿ.ಬಿ. ಮತ್ತೆ ಮತ್ತೆ ಕಡಿದುಕೊಳ್ಳುತ್ತದೆ. ಅದನ್ನು ಬಿಟ್ಟು ನೇರವಾಗಿ ತಂತಿ ಜೋಡಿಸಿಕೊಡುತ್ತೇನೆಂದು ಮುಂದೆ ಬರುವ ಜಾಣರಿಗೆ ಕೊರತೆಯಿಲ್ಲ. ಅವರನ್ನು ಮರ್ಯಾದೆಯಿಂದ ಕಳಿಸಿಕೊಟ್ಟು, ಪ್ಲಗ್ಗನ್ನು ಕಿತ್ತು, ಮುಚ್ಚಳ ತೆರೆದು ಒಂದೆರಡು ದಿನ ಒಣಹವೆಯಲ್ಲಿ ಬಿಟ್ಟು, ಬಳಿಕ ಪಾತ್ರೆಯಿಲ್ಲದೆ ಕಡಮೆ ಕಾವಿನಲ್ಲಿ ಕೆಲವು ಗಂಟೆ ಒಣಗಿಸಬೇಕು. ಆಮೇಲೂ ಕಡಿಯುತ್ತಿದ್ದರೆ ಸೋರುತ್ತಿರುವುದು ತೇವವಲ್ಲ, ಸುರುಳಿಯ ಯಾವುದೋ ತುದಿ ಕವಚಕ್ಕೆ ತಾಕಿದೆಯೆಂದು ಶಂಕಿಸಿ ಎಲೆಕ್ಟ್ರಿಷಿಯನ್ನನನ್ನು ಕರೆಸತಕ್ಕದ್ದು.