ರಿಬ್ಬನ್ ಕತ್ತರಿಸೋದು ಮೇಲೆ, ಆಯಸ್ಸು ಇರೋದು ಕೆಳಗೆ

2024ರ ಆಗಸ್ಟ್ 7. ರಾತ್ರಿ ಸುಮಾರು ಒಂದು ಗಂಟೆ. ಕಾರವಾರ-ಸದಾಶಿವಗಡ ನಡುವಿನ ಕಾಳಿ ನದಿಯ ಹಳೇ ಸೇತುವೆ ಕುಸಿದುಬಿತ್ತು. ಗೋವಾ ಕಡೆಯಿಂದ ಬರುತ್ತಿದ್ದ ಲಾರಿಯೊಂದು ಹೊಳೆ ಪಾಲಾಯ್ತು. ಪುಣ್ಯಕ್ಕೆ ಚಾಲಕ ಬದುಕಿದರು. ಆ ಸೇತುವೆಗೆ ನಾಲ್ಕು ದಶಕ ಆಗಿತ್ತು, ಅಷ್ಟೇ.

ಇಂಥ ಘಟನೆ ಆದಾಗಲೆಲ್ಲ ನಾವು ಟಿವಿಯವರು ಮುರಿದ ರಸ್ತೆ ತೋರಿಸ್ತೀವಿ. ನೇತಾಡುವ ಕಬ್ಬಿಣ ತೋರಿಸ್ತೀವಿ. ಆಮೇಲೆ ಒಂದೇ ಪ್ರಶ್ನೆ: ಹೊಸ ಸೇತುವೆ ಯಾವಾಗ? ನಾನು ಇವತ್ತು ಬೇರೆ ಪ್ರಶ್ನೆ ಕೇಳ್ತೀನಿ. ಹೊಸ ಸೇತುವೆ ಎಷ್ಟು ಆಳಕ್ಕೆ?

ನೋಡಿ, ಕರಾವಳಿಯ ಅಳಿವೆ ಅಂದ್ರೆ ಬಯಲುಸೀಮೆಯ ಹೊಳೆ ಅಲ್ಲ. ಮಳೆಗಾಲದಲ್ಲಿ ಘಟ್ಟದಿಂದ ನೀರು ನುಗ್ಗುತ್ತೆ. ದಿನಕ್ಕೆರಡು ಸಲ ಸಮುದ್ರ ಉಬ್ಬಿ ಒಳಗೆ ಬರುತ್ತೆ, ಇಳಿದು ಹೊರಗೆ ಹೋಗುತ್ತೆ. ತಳದಲ್ಲಿ ಹೂಳು, ಜೇಡಿ, ಮರಳು. ಗಟ್ಟಿ ಬಂಡೆ ಎಲ್ಲೋ ಕೆಳಗೆ. ಬೀಚ್‌ನಲ್ಲಿ ನಿಂತಾಗ ಅಲೆ ವಾಪಸ್ ಹೋಗುತ್ತಾ ನಿಮ್ಮ ಹಿಮ್ಮಡಿ ಕೆಳಗಿನ ಮರಳು ಜಾರುತ್ತಲ್ವಾ? ಸೇತುವೆಯ ಕಂಬಕ್ಕೂ ಅದೇ ಆಗುತ್ತೆ. ನೀರು ಕಂಬಕ್ಕೆ ಬಡಿದು ಕೆಳಕ್ಕೆ ಧುಮುಕಿ ಸುಳಿಯಾಗುತ್ತೆ, ಬುಡದ ಮಣ್ಣು ಕೊರೆಯುತ್ತೆ. ಮೋಸ ಏನು ಗೊತ್ತಾ? ನೆರೆ ಇಳಿದ ಮೇಲೆ ಆ ಗುಂಡಿಗೆ ಸಡಿಲ ಮರಳು ಬಂದು ತುಂಬಿಕೊಳ್ಳುತ್ತೆ. ಬೇಸಿಗೆಯಲ್ಲಿ ಬಂದು ನೋಡಿದವರಿಗೆ ಎಲ್ಲವೂ ಸರಿ ಇದ್ದಂತೆಯೇ ಕಾಣುತ್ತೆ!

ಅದಕ್ಕೇ ನಮ್ಮ ಎಂಜಿನಿಯರ್‌ಗಳು ನೆರೆಯಲ್ಲಿ ತಳ ಸರಾಸರಿ ಎಷ್ಟು ಆಳಕ್ಕೆ ಹೋಗುತ್ತೆ ಅಂತ ಲೆಕ್ಕ ಹಾಕಿ, ಕಂಬದ ಹತ್ತಿರ ಅದರ ಎರಡರಷ್ಟು ಅಂತ ಹಿಡಿಯುತ್ತಾರೆ. ಆ ಗುಂಡಿಯ ಮಣ್ಣನ್ನು ಲೆಕ್ಕಕ್ಕೇ ತಗೊಳ್ಳೋ ಹಾಗಿಲ್ಲ. ಅಡಿಪಾಯಕ್ಕೆ ಹಿಡಿತ ಸಿಗಬೇಕಾದದ್ದು ಅದಕ್ಕಿಂತಲೂ ಕೆಳಗೆ. ಸೇತುವೆ ಹತ್ತಿರ ಮರಳು ತೆಗೆಯಬಾರದು ಅನ್ನೋ ನಿಯಮ ಸುಮ್ಮನೆ ಬಂದಿದ್ದಲ್ಲ. ದಂಧೆಯವರು ಒಯ್ಯೋದು ಬರೀ ಮರಳಲ್ಲ, ಸೇತುವೆಯ ಹಿಡಿತವನ್ನೇ.

ಸರಿ, ಅಷ್ಟು ಆಳಕ್ಕೆ ಹೋಗೋದು ಹೇಗೆ? ಈಗ ಹೆಚ್ಚಾಗಿ ಪೈಲ್. ಮೊದಲು ಉಕ್ಕಿನ ದೊಡ್ಡ ಕೊಳವೆಯನ್ನು ತಳಕ್ಕೆ ಇಳಿಸುತ್ತಾರೆ. ಒಳಗಿನ ಮಣ್ಣು ಕೊರೆದು ತೆಗೀತಾರೆ. ಗುಂಡಿ ಕುಸಿಯದಂತೆ ಬೆಂಟೋನೈಟ್ ಅನ್ನೋ ಜೇಡಿಯ ದ್ರಾವಣ ತುಂಬಿರುತ್ತೆ. ಕಬ್ಬಿಣದ ಪಂಜರ ಇಳಿಸಿ, ಉದ್ದನೆಯ ಪೈಪ್ ಮೂಲಕ ತಳದಿಂದ ಮೇಲಕ್ಕೆ ಕಾಂಕ್ರೀಟ್ ತುಂಬುತ್ತಾ ಬರುತ್ತಾರೆ. ಪೈಪಿನ ತುದಿ ಸದಾ ಕಾಂಕ್ರೀಟ್ ಒಳಗೇ ಮುಳುಗಿರಬೇಕು. ಒಮ್ಮೆ ಮೇಲೆ ಬಂತೋ, ಕೆಸರು ನೀರು ಸೇರಿ ಆ ಪೈಲ್ ಅಲ್ಲೇ ಕೆಟ್ಟಿತು. ತಳ ಸರಿಯಾಗಿ ತೊಳೆಯದೆ ಕಾಂಕ್ರೀಟ್ ಸುರಿದರೂ ಅಷ್ಟೇ, ಬಂಡೆಯ ಮೇಲೆ ನಿಲ್ಲಬೇಕಾದದ್ದು ಕೆಸರಿನ ಮೇಲೆ ನಿಲ್ಲುತ್ತೆ. ಇದು ಯಾವ ಕ್ಯಾಮೆರಾಗೂ ಕಾಣೋದಿಲ್ಲ.

ಹಾಗಾದ್ರೆ ನಂಬೋದು ಹೇಗೆ? ಪರೀಕ್ಷೆ ಇದೆ. ಭಾರತೀಯ ಮಾನಕದ ಪ್ರಕಾರ ಮೊದಲು ಒಂದು ಪ್ರಯೋಗದ ಪೈಲ್ ಹಾಕಿ, ಅದು ಹೊರಬೇಕಾದ ಭಾರದ ಎರಡೂವರೆ ಪಟ್ಟು ಹೇರಿ ನೋಡಬೇಕು. 400 ಟನ್ ಹೊರೋ ಪೈಲ್ ಅಂದ್ರೆ 1,000 ಟನ್! ಕೆಲಸಕ್ಕೆ ಬರೋ ಪೈಲ್‌ಗಳಲ್ಲೂ ಕೆಲವನ್ನು ಆರಿಸಿ ಒಂದೂವರೆ ಪಟ್ಟು ಹೇರಬೇಕು.

ಇನ್ನೊಂದು ಶತ್ರು ಉಪ್ಪು. ಸದಾ ಮುಳುಗಿರುವ ಭಾಗಕ್ಕಿಂತ, ಉಬ್ಬರದಲ್ಲಿ ನೆನೆದು ಇಳಿತದಲ್ಲಿ ಒಣಗುವ ಭಾಗಕ್ಕೇ ಅಪಾಯ ಜಾಸ್ತಿ. ಯಾಕಂದ್ರೆ ತುಕ್ಕಿಗೆ ಉಪ್ಪು ಸಾಲದು, ಗಾಳಿಯೂ ಬೇಕು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತೆ. ಅದಕ್ಕೇ ಅಲ್ಲಿ ಕಬ್ಬಿಣದ ಮೇಲೆ 75 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು ಅನ್ನೋದು.

ಇದೆಲ್ಲ ಪುಸ್ತಕದ ಮಾತು ಅಂತೀರಾ? ಹಾಗಾದ್ರೆ ತಮಿಳುನಾಡಿನ ಪಾಂಬನ್ ನೋಡಿ. ರಾಮೇಶ್ವರಕ್ಕೆ ಹೋಗುವ ಹಳೇ ರೈಲು ಸೇತುವೆ ಶುರುವಾಗಿದ್ದು 1914ರಲ್ಲಿ. 1964ರ ಡಿಸೆಂಬರ್ ಚಂಡಮಾರುತ ಅದರ ಗರ್ಡರ್‌ಗಳಲ್ಲಿ ಬಹುಪಾಲನ್ನು ಸಮುದ್ರಕ್ಕೆ ಕೆಡವಿತು. ಆದರೆ ಕಂಬಗಳು ಬಹುಮಟ್ಟಿಗೆ ನಿಂತಿದ್ದವು! ಹಾಗಾಗಿಯೇ ಇ. ಶ್ರೀಧರನ್ ಅವರ ತಂಡ ಬರೀ 46 ದಿನದಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿತು. ಮೇಲಿನದು ಹೋದರೆ ಮತ್ತೆ ಇಡಬಹುದು. ಬುಡವೇ ಹೋದರೆ? ಹಳೆಯದರ ಪಕ್ಕದಲ್ಲಿ ಕಟ್ಟಿದ ಹೊಸ ಪಾಂಬನ್ ಸೇತುವೆ 2025ರ ಏಪ್ರಿಲ್ 6ರಂದು ಉದ್ಘಾಟನೆ ಆಯ್ತು. ನಮಗೆಲ್ಲ ಕಂಡಿದ್ದು ಮೇಲಕ್ಕೇಳುವ 72.5 ಮೀಟರ್ ಭಾಗ. ಅದನ್ನೆಲ್ಲ ಹೊತ್ತಿರೋದು ನೀರಿನಡಿಯ 333 ಪೈಲ್‌ಗಳು.

ಕಾಳಿಯಿಂದ ನೇತ್ರಾವತಿವರೆಗೆ ನಮ್ಮ ಕರಾವಳಿಯಲ್ಲಿ ಅಳಿವೆಗಳಿಗೆ ಕೊರತೆ ಇಲ್ಲ. ಹಳೇ ಸೇತುವೆ ಜಾಗಕ್ಕೆ ಹೊಸದು ಬರುವಾಗ ನಿಮ್ಮ ಶಾಸಕರನ್ನು, ಸಂಸದರನ್ನು ಮೂರೇ ಪ್ರಶ್ನೆ ಕೇಳಿ. ಕೊರೆತದ ಲೆಕ್ಕ ಎಷ್ಟು? ಪೈಲ್ ಪರೀಕ್ಷೆಯ ವರದಿ ಎಲ್ಲಿ? ಪ್ರತಿ ಮಳೆಗಾಲ ಮುಗಿದ ಮೇಲೆ ನೀರಿಗಿಳಿದು ಬುಡ ನೋಡೋರು ಯಾರು? ಉತ್ತರ ಕಾಗದದಲ್ಲಿ ಕೊಡಲಿ. ರಿಬ್ಬನ್ ಆಮೇಲೆ ಕತ್ತರಿಸಲಿ.