ಒಂದು ಲೀಟರಿಗೆ ಎಷ್ಟು ದೂರ?

ಬಸ್ ಡಿಪೊದಲ್ಲಿ ‘ಪರಿಸರ’ ಎಂಬ ಮಾತು ಕಾಣಿಸುವುದು ಜೂನ್ 5ರಂದು, ಅದೂ ಬ್ಯಾನರಿನ ಮೇಲೆ. ಉಳಿದ ದಿನಗಳಲ್ಲಿ ಅಲ್ಲಿ ಎಲ್ಲರ ಬಾಯಲ್ಲಿರುವುದು ಕೆಎಂಪಿಎಲ್. ಒಂದು ಲೀಟರ್ ಡೀಸೆಲ್ಲಿಗೆ ಬಸ್ಸು ಎಷ್ಟು ಕಿಲೋಮೀಟರ್ ಬಂತು ಎಂಬ ಲೆಕ್ಕ ಅದು. ಡ್ರೈವರು, ಮೆಕ್ಯಾನಿಕ್ಕು, ಡಿಪೊ ಮ್ಯಾನೇಜರು, ಮೂವರ ಮರ್ಯಾದೆಯೂ ಆ ಅಂಕಿಯ ಬಿಂದುವಿನ ಆಚೆ ನಿಂತಿರುತ್ತದೆ. ಆಂಧ್ರದ ರಾಯದುರ್ಗ, ಮಡಕಶಿರಾ ಡಿಪೊಗಳಲ್ಲೂ ಅದೇ, ಗಡಿಯ ಈಚೆ ಪಾವಗಡದಲ್ಲೂ ಅದೇ. ಸರ್ಕಾರ ಬೇರೆ, ಬಸ್ಸಿನ ಬಣ್ಣ ಬೇರೆ. ಕೆಎಂಪಿಎಲ್ ಮಾತ್ರ ಒಂದೇ.

ಮಡಕಶಿರಾ ಸೀಮೆಯ ನಿವೃತ್ತ ಡ್ರೈವರೊಬ್ಬರು ಇದರ ಬಗ್ಗೆ ಮಾತಿಗೆ ಕೂತರೆ ಸಂಜೆಯಾದದ್ದು ತಿಳಿಯುವುದಿಲ್ಲ. ಮನೆಮಾತು ಕನ್ನಡ, ಓದಿದ್ದು ತೆಲುಗು, ಡಿಪೊದ ಕಾಗದವೆಲ್ಲ ತೆಲುಗು–ಇಂಗ್ಲಿಷು. ನಗರದ ಬಸ್ ಸಂಸ್ಥೆಗಳು ಹೊಗೆ ಕಡಿಮೆ ಮಾಡುತ್ತಿರುವುದರ ಬಗ್ಗೆ ಅವರನ್ನು ಕೇಳಿದರೆ ಮೊದಲು ನಕ್ಕರು. “ಹೊಗೆ ಬ್ಯಾರೆ, ಡೀಸೆಲ್ ಬ್ಯಾರೆ ಅಂತ ಐತಾ ಸಾಮಿ? ಡೀಸೆಲ್ ಉಳಿಸ್ದೋನು ಹೊಗೆನೂ ಉಳಿಸ್ದ,” ಎಂದರು.

ಅವರು ಹೇಳುವ ಪ್ರಕಾರ ಬಸ್ಸು ಓಡಿಸುವುದು ಕಾಲಿನಿಂದಲ್ಲ, ಕಣ್ಣಿನಿಂದ. “ದೂರದಾಗೆ ಕುರಿಮಂದೆ ಕಂಡ್ರೆ ಆಗ್ಲೇ ಆಕ್ಸಿಲೇಟ್ರಿಂದ ಕಾಲು ತೆಗೀಬೇಕು. ಮಂದೆ ದಾಟೋ ಹೊತ್ಗೆ ಗಾಡಿ ತಾನೇ ನಿಧಾನ ಆಗಿರ್ತೈತೆ. ಹತ್ರಕ್ಕೋಗಿ ಬ್ರೇಕ್ ಒತ್ತಿದ್ನೋ, ಅಲ್ಲಿಗಂಟ ಸುಟ್ಟ ಡೀಸೆಲ್ಲೆಲ್ಲ ದಂಡ. ಎತ್ತು ಕಟ್ಟೋನು ಬಾರುಕೋಲು ಎತ್ತದೇ ಉತ್ರೆ ತಾನೆ ಒಳ್ಳೆ ಬ್ಯಾಸಾಯಗಾರ? ಇದೂ ಹಂಗೇನೆ.” ಅರ್ಧ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡು ಓಡಿಸುವವರನ್ನು ಕಂಡರೆ ಅವರಿಗೆ ಈಗಲೂ ಸಿಟ್ಟು. ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿ ಎಂಜಿನ್ ಆಫ್ ಮಾಡದೆ ಟೀ ಕುಡಿಯಲು ಹೋಗುವವರನ್ನು ಕಂಡರೆ ಇನ್ನೂ ಹೆಚ್ಚು.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಡೀಸೆಲ್ ಉಳಿಯುತ್ತದಲ್ಲ ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದರು. ಅದು ಅರೆಬರೆ ಕಲಿತವರ ಬುದ್ಧಿಯಂತೆ. ಗೇರಿನಲ್ಲೇ ಬಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಪಂಪು ಡೀಸೆಲ್ ಬಿಡುವುದನ್ನು ನಿಲ್ಲಿಸುತ್ತದೆ. ನ್ಯೂಟ್ರಲ್ ಆದರೆ ಎಂಜಿನ್ ಆರದಂತೆ ಸ್ವಲ್ಪವಾದರೂ ಉರಿಸಲೇಬೇಕು, ಜೊತೆಗೆ ಬಸ್ಸಿನ ಹಿಡಿತವೂ ತಪ್ಪುತ್ತದೆ. ತಂತ್ರಜ್ಞರು ಹೇಳುವುದೂ ಇದನ್ನೇ.

ಸಂಜೆಯೋ ರಾತ್ರಿಯೋ ಬಸ್ಸು ಡಿಪೊಗೆ ಬಂದೊಡನೆ ಟ್ಯಾಂಕು ತುಂಬಿಸುತ್ತಾರೆ. ಎಷ್ಟು ಲೀಟರ್ ಹಿಡಿಯಿತೋ ಅಷ್ಟು ಆ ದಿನದ ಖರ್ಚು. ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸಿದರೆ ಕೆಎಂಪಿಎಲ್. ಅದು ಬಸ್ಸಿನ ಹೆಸರಿಗೂ ಬೀಳುತ್ತದೆ, ಡ್ರೈವರಿನ ಹೆಸರಿಗೂ ಬೀಳುತ್ತದೆ. ಒಂದೇ ಬಸ್ಸಿನಲ್ಲಿ ಇಬ್ಬರು ಡ್ರೈವರುಗಳ ಅಂಕಿ ಬೇರೆ ಬೇರೆ ಬಂದರೆ ಲೋಪ ಓಡಿಸುವುದರಲ್ಲಿದೆ. ಯಾರು ಓಡಿಸಿದರೂ ಕಡಿಮೆಯೇ ಬಂದರೆ ನೋಝಲ್, ಏರ್ ಫಿಲ್ಟರ್, ಬ್ರೇಕ್ ಹಿಡಿದುಕೊಂಡಿರುವುದು, ಟೈರಿನ ಗಾಳಿ ಇವನ್ನು ನೋಡಬೇಕು. ಕಡಿಮೆ ತಂದವರಿಗೆ ಪಾಠ, ಹೆಚ್ಚು ತಂದವರಿಗೆ ಬಹುಮಾನ. ಕಂಪ್ಯೂಟರ್ ಇಲ್ಲದ ಕಾಲದಿಂದ ಇದು ನಡೆದುಬಂದಿದೆ.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 300 ಕಿ.ಮೀ. ಓಡುವ ಬಸ್ಸು 5 ಕೆಎಂಪಿಎಲ್ ಕೊಟ್ಟರೆ 60 ಲೀಟರ್ ಬೇಕು. 5.3 ಕೊಟ್ಟರೆ ದಿನಕ್ಕೆ ಮೂರು ಲೀಟರ್ ಮೇಲೆ ಉಳಿಯಿತು, ವರ್ಷಕ್ಕೆ ಸುಮಾರು 1,200 ಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಒಂದು ಬಸ್ಸಿನಲ್ಲಿ ಒಂದು ವರ್ಷಕ್ಕೆ ಮೂರು ಟನ್ನಿಗೂ ಹೆಚ್ಚು, ಅದೂ ಬರೀ ಕಾಲಿನ ಹದದಿಂದ. ಹೊಸ ಯಂತ್ರ ಕೊಂಡಿಲ್ಲ, ಯೋಜನೆ ಉದ್ಘಾಟನೆಯಾಗಿಲ್ಲ. ಅದಕ್ಕೇ ಇರಬೇಕು, ಇದು ಸುದ್ದಿಯೂ ಆಗುವುದಿಲ್ಲ.

ಈ ಸೀಮೆಯ ದೂಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅನಂತಪುರ ದೇಶದಲ್ಲೇ ಅತಿ ಕಡಿಮೆ ಮಳೆಯ ಜಿಲ್ಲೆಗಳಲ್ಲೊಂದು. ರಾಯದುರ್ಗದ ಆಚೆ, ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರಿನ ಕಡೆ, ವೇದಾವತಿ ಅರ್ಥಾತ್ ಹಗರಿಯ ಪಾತ್ರದಿಂದ ಎದ್ದ ಮರಳು ಹೊಲಗಳ ಮೇಲೆ ದಿಬ್ಬವಾಗಿ ಕೂತಿದೆ. ಬಿರುಬೇಸಿಗೆಯ ಗಾಳಿಯಲ್ಲಿ ಓಡುವ ಬಸ್ಸಿನ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಗಾಳಿ ಸಾಲದಾದರೆ ಡೀಸೆಲ್ ಪೂರ್ತಿ ಉರಿಯದು, ಹಿಂದೆ ಕರಿ ಹೊಗೆ ಬರುತ್ತದೆ. ಫಿಲ್ಟರನ್ನು ವೇಳೆಗೆ ಸರಿಯಾಗಿ ಬಿಚ್ಚಿ ಚೊಕ್ಕ ಮಾಡುವ ಮೆಕ್ಯಾನಿಕ್ಕಿಗೆ ಯಾರೂ ಹಾರ ಹಾಕಿದ್ದು ಕಾಣೆ.

ಇತಿಹಾಸ ಚಿಕ್ಕದಾಗಿ ಹೇಳಿಬಿಡುತ್ತೇನೆ. ಆಂಧ್ರದ ಸಾರಿಗೆ ಸಂಸ್ಥೆಯ ಬೇರು ಹೈದರಾಬಾದಿನ ನಿಜಾಮರದು. 1932ರಲ್ಲಿ ಅವರ ರೈಲ್ವೆಯ ಒಂದು ಅಂಗವಾಗಿ 27 ಬಸ್ಸುಗಳಿಂದ ಅದು ಶುರುವಾಯಿತು. 1958ರ ಜನವರಿ 11ರಂದು ಎಪಿಎಸ್‌ಆರ್‌ಟಿಸಿ ಆಯಿತು, 1999ರಲ್ಲಿ ಅತಿ ಹೆಚ್ಚು ಬಸ್ಸಿನ ಸಂಸ್ಥೆಯೆಂದು ಗಿನ್ನೆಸ್ ದಾಖಲೆಗೆ ಸೇರಿತು. ಕರ್ನಾಟಕದ್ದು 1948ರಲ್ಲಿ ಮೈಸೂರು ಸರ್ಕಾರದ 120 ಬಸ್ಸುಗಳಿಂದ ಹೊರಟದ್ದು. ರಾಯದುರ್ಗ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರಲ್ಲಿ ಬಳ್ಳಾರಿ ಹರಿದು ಹಂಚಿದಾಗ ಅದು ಅನಂತಪುರಕ್ಕೆ ಹೋಯಿತು. ನೆಂಟಸ್ತನ ಮಾತ್ರ ಬಳ್ಳಾರಿಯಲ್ಲೇ ಉಳಿಯಿತು, ಬಸ್ಸುಗಳಿಗೆ ಇವತ್ತಿಗೂ ಜನ ಸಿಗುವುದು ಅದರಿಂದ. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ.

ಡಿಪೊದ ಇನ್ನೊಂದು ಉಳಿತಾಯ ಟೈರಿನದು. ಬಸ್ಸಿಗೆ ಆರು ಟೈರು. ಮೇಲಿನ ಪದರ ಸವೆದರೂ ಒಳಗಿನ ಕವಚ ಗಟ್ಟಿಯಿದ್ದರೆ ಅದನ್ನು ಎಸೆಯುವುದಿಲ್ಲ, ರೀಟ್ರೆಡ್ಡಿಂಗಿಗೆ ಕಳಿಸುತ್ತಾರೆ. ಅಲ್ಲಿ ಬೆರಳಿನಿಂದ ತಡವಿ ಮೊಳೆ, ಸೀಳು ಹುಡುಕುತ್ತಾರೆ. ಹಳೆಯ ಪದರವನ್ನು ಬಫಿಂಗ್ ಯಂತ್ರದಲ್ಲಿ ಉಜ್ಜಿ ತೆಗೆದು, ರಬ್ಬರ್ ಸೊಲ್ಯೂಷನ್ ಬಳಿದು, ಅಚ್ಚು ಬಿದ್ದ ಹೊಸ ಪಟ್ಟಿ ಸುತ್ತಿ, ಚೇಂಬರಿನಲ್ಲಿ ಕೆಲವು ಗಂಟೆ ಕಾವಿಗಿಡುತ್ತಾರೆ. ಹೊಸ ಟೈರು ಮುಂದಿನ ಚಕ್ರಕ್ಕೆ, ರೀಟ್ರೆಡ್ ಆದದ್ದು ಹಿಂದಿನದಕ್ಕೆ. ಟೈರಿನ ಬಹುಪಾಲು ತೂಕ ಕವಚದ್ದೇ, ಅದರಲ್ಲಿ ಎಷ್ಟೋ ಭಾಗ ಕಚ್ಚಾತೈಲದಿಂದ ಬಂದದ್ದು. ಒಂದು ಕವಚವನ್ನು ಎರಡು ಮೂರು ಸಲ ಹೀಗೆ ಓಡಿಸಿದರೆ ಅಷ್ಟು ಹೊಸ ಟೈರು ತಯಾರಾಗುವುದು ತಪ್ಪುತ್ತದೆ. ಖಾಸಗಿ ಕಾರಿನವರು ಈ ಕೆಲಸ ಮರೆತು ಎಷ್ಟು ವರ್ಷವಾಯಿತೋ.

ಎಣ್ಣೆ ಬದಲಿಸುವ ಪ್ರಯೋಗಗಳೂ ನಡೆದವು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲೇ ಡೀಸೆಲ್ ಎಂಜಿನ್ ಓಡುತ್ತದೆಂದು ಹಳ್ಳಿಗಳಲ್ಲಿ ತೋರಿಸಿದರು. ಕೆಎಸ್‌ಆರ್‌ಟಿಸಿ ಬಯೋಡೀಸೆಲ್, ಎಥನಾಲ್ ಬೆರಕೆ ಎರಡರಲ್ಲೂ ಬಸ್ಸು ಓಡಿಸಿ ನೋಡಿತು. ಬರದಲ್ಲೂ ಹಸಿರಾಗಿರುವ ಹೊಂಗೆ ಈ ಗಡಿಯ ಬದು ಬದುವಿನಲ್ಲಿದೆ. ಆದರೆ ಬೀಜ ಆಯ್ದು ತರುವವರಿಗೆ ಕೂಲಿಯಷ್ಟೂ ಗಿಟ್ಟದಿದ್ದರೆ ಯಾವ ಪ್ರಯೋಗ ನಿಲ್ಲುತ್ತದೆ?

ಈಗ ಎಲ್ಲರ ಕಣ್ಣು ಬೆಂಗಳೂರಿನ ಮೇಲೆ. ಬಿಎಂಟಿಸಿ 2010ರ ಫೆಬ್ರುವರಿ 4ರಿಂದ ತಿಂಗಳ ನಾಲ್ಕನೇ ತಾರೀಖನ್ನು ‘ಬಸ್ ದಿನ’ವೆಂದು ಆಚರಿಸಿತು. 2014ರಲ್ಲಿ ಚೀನಾದ ಬಿವೈಡಿ ಕಂಪನಿಯ ಎಲೆಕ್ಟ್ರಿಕ್ ಬಸ್ಸನ್ನು ಪ್ರಯೋಗಕ್ಕೆ ಓಡಿಸಿತು. 2021ರ ಕೊನೆಗೆ 90 ಚಿಕ್ಕ ಬಸ್ಸು, ಮರುವರ್ಷದಿಂದ ಸ್ವಿಚ್ ಕಂಪನಿಯ 300, 2023ರ ಡಿಸೆಂಬರಿನಿಂದ ಟಾಟಾದ 921, ಹೀಗೆ ಒಪ್ಪಂದಗಳಾದವು. ಬಸ್ಸೂ ಡ್ರೈವರೂ ಕಂಪನಿಯದು, ಕಂಡಕ್ಟರ್ ಮಾತ್ರ ನಿಗಮದವರು. ಕಿಲೋಮೀಟರಿಗೆ ಇಷ್ಟು ಎಂದು ಬಾಡಿಗೆ. ತಿರುಮಲದ ಘಾಟಿಯಲ್ಲೂ ಎಪಿಎಸ್‌ಆರ್‌ಟಿಸಿ 2022ರಿಂದ ಎಲೆಕ್ಟ್ರಿಕ್ ಬಸ್ಸು ಓಡಿಸುತ್ತಿದೆ. ಅಲ್ಲಿ ಬೆಟ್ಟ ಇಳಿಯುವಾಗ ಬ್ರೇಕಿನ ಶಕ್ತಿ ಮರಳಿ ಬ್ಯಾಟರಿಗೆ ಸೇರುತ್ತದೆ. ಇದನ್ನು ಹೇಳಿದಾಗ ನಮ್ಮ ಹಳೆಯ ಡ್ರೈವರ್ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರೆ ಬ್ರೇಕ್ ಹಾಕ್ದೋನಿಗೂ ದಂಡ ಇಲ್ಲ ಅನ್ನಿ,” ಎಂದರು. ಅವರಿಗೆ ಅದು ಅಷ್ಟು ಹಿಡಿಸಿದಂತೆ ಕಾಣಲಿಲ್ಲ.

ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬುದನ್ನೂ ಕೇಳಬೇಕು. ರಾಯದುರ್ಗದವರ ನೆರೆಯಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ, 1,700 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವಿದೆ. ಮಡಕಶಿರಾದವರ ನೆರೆಯಲ್ಲಿ ಪಾವಗಡದ 2,050 ಮೆಗಾವಾಟಿನ ಸೌರ ಪಾರ್ಕು. ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಐದು ಊರುಗಳ ಸುಮಾರು 13,000 ಎಕರೆ ನೆಲವನ್ನು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ. ರಾತ್ರಿ ಚಾರ್ಜ್ ಆಗುವ ಬಸ್ಸಿಗೆ ಸೂರ್ಯನ ಕರೆಂಟು ನೇರವಾಗಿ ಸಿಗುವುದಿಲ್ಲ. ಮಧ್ಯಾಹ್ನ ಜನ ಕಡಿಮೆಯಿರುವ ಹೊತ್ತಿನಲ್ಲಿ ಸ್ಟ್ಯಾಂಡಿನಲ್ಲೇ ಚಾರ್ಜ್ ಮಾಡಬಹುದಾದದ್ದು ಹೆಚ್ಚಾಗಿ ಚಿಕ್ಕ ಊರುಗಳಲ್ಲಿ. ಬೆಂಗಳೂರಿನಲ್ಲಿ ಬಸ್ಸು ನಿಲ್ಲಿಸಲು ಜಾಗವಾದರೂ ಎಲ್ಲಿದೆ?

ಆದರೆ ಚಿಕ್ಕ ಊರುಗಳ ಸರದಿ ಬಂದಿಲ್ಲ. ಕೇಂದ್ರ 2023ರ ಆಗಸ್ಟಿನಲ್ಲಿ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆಯ 10,000 ಬಸ್ಸುಗಳನ್ನು ಮುಖ್ಯವಾಗಿ ಮೂರು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆಂದು ಲೆಕ್ಕ ಹಾಕಲಾಯಿತು. ಪಟ್ಟಿಯಲ್ಲಿ ಅನಂತಪುರ ನಗರವಿದೆ. ಜೀನ್ಸ್ ಹೊಲಿಯುವ ರಾಯದುರ್ಗಕ್ಕಾಗಲಿ, ಅದಕ್ಕಿಂತ ಚಿಕ್ಕದಾದ ಮಡಕಶಿರಾಕ್ಕಾಗಲಿ ಆ ಗೆರೆ ದಾಟುವ ಬಾಬತ್ತೇ ಇಲ್ಲ. ಅಲ್ಲಿಯವರೆಗೆ ಈ ಡಿಪೊಗಳ ಪಾಲಿಗೆ ಕೆಎಂಪಿಎಲ್ಲೇ ಪರಿಸರ ಯೋಜನೆ.

ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸು ಒಂದು ಚಾರ್ಜಿಗೆ ಸುಮಾರು 200 ಕಿ.ಮೀ. ಓಡುತ್ತದೆ. ಮಡಕಶಿರಾದಿಂದ ಹಿಂದೂಪುರಕ್ಕೆ ಎರಡು ಸಲ ಹೋಗಿ ಬಂದರೂ ಅಷ್ಟು ದೂರವಾಗುವುದಿಲ್ಲ. ಬಸ್ಸು ಹಂಚುವವರು ಊರಿನ ತಲೆ ಎಣಿಸುವ ಬದಲು ಒಮ್ಮೆ ಮಾರ್ಗದ ಉದ್ದ ಅಳೆಯಲಿ. ಎರಡು ರಾಜ್ಯದ ನಿಗಮಗಳೂ ಸೇರಿ ಪಾವಗಡ–ಮಡಕಶಿರಾ–ಹಿಂದೂಪುರದ ನಡುವೆ ಐದೇ ಐದು ಬಸ್ಸು ಹಾಕಿ ನೋಡಲಿ. ಓಡಿಸಲು ಕೆಎಂಪಿಎಲ್ಲಿನಲ್ಲಿ ಪಳಗಿದ ಇಲ್ಲಿನ ಡ್ರೈವರುಗಳನ್ನೇ ಕೂರಿಸಲಿ.